ಅಗೆಯದೆ ಏರುಮಡಿ: ತಳಕ್ಕೆ ಏನು ಹಾಕಬೇಕು?

ಹಿತ್ತಲಬಳ್ಳಿ:
ಮನೆ ಹಿಂದಿನ ಹುಲ್ಲಿನ ಜಾಗದಲ್ಲಿ ತರಕಾರಿಗೆ ಒಂದು ಏರುಮಡಿ (ಸುತ್ತ ಹಲಗೆ ಕಟ್ಟಿ ಮಣ್ಣು ತುಂಬುವ ಎತ್ತರದ ಪಾತಿ) ಮಾಡಬೇಕು ಅಂತಿದ್ದೇನೆ. ಹಲಗೆ ಹೊಡೆದಾಗಿದೆ. ಉದ್ದ 2.4 ಮೀಟರ್, ಅಗಲ 1.2, ಎತ್ತರ 30 ಸೆಂಟಿಮೀಟರ್. ನೆಲ ಅಗೆಯುವುದು ನನ್ನ ಸೊಂಟಕ್ಕೆ ಆಗುವ ಕೆಲಸ ಅಲ್ಲ. ರಟ್ಟು ಹಾಸಿ ಮೇಲೆ ಗೊಬ್ಬರ ಸುರಿದರೆ ಸಾಕು ಅಂತಾರೆ, ನಿಜಾನಾ? ಗರಿಕೆ ಮೇಲೆ ಬರಲ್ವಾ? ನೀರು ಬಸಿಯಲು ತಳಕ್ಕೆ ಜಲ್ಲಿ ಹಾಕಿ ಅಂತ ಪಕ್ಕದ ಮನೆಯವರ ಒತ್ತಾಯ ಬೇರೆ.

ಮಣ್ಣುಕೈ:
ಜಲ್ಲಿ ಬೇಡವೇ ಬೇಡ. ನುಣ್ಣನೆ ಮಣ್ಣಿನಿಂದ ದಪ್ಪ ಜಲ್ಲಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ. ಮೇಲಿನ ಮಣ್ಣು ಪೂರ್ತಿ ತೊಯ್ದ ಮೇಲೆಯೇ ತೊಟ್ಟಿಕ್ಕುತ್ತದೆ. ಬೇರು ಇರುವ ಜಾಗದಲ್ಲೇ ಒದ್ದೆ ನಿಲ್ಲುತ್ತದೆ. ಕೊಳೆತುಹೋಗುವ ರಟ್ಟು ಬಿಟ್ಟರೆ ನೆಲಕ್ಕೂ ಮಡಿಗೂ ನಡುವೆ ಏನೂ ಅಡ್ಡ ಇರಬಾರದು. ಎರೆಹುಳು ಕೆಳಗಿನಿಂದ ಬರಬೇಕು, ಅಗೆಯುವ ಕೆಲಸ ಅದರದ್ದು.

ಹುಲ್ಲು ಕೀಳಬೇಡಿ, ನೆಲಮಟ್ಟಕ್ಕೆ ಕತ್ತರಿಸಿ. ಬೆಳಕು ಸಿಗದೆ ಅದೇ ಸಾಯುತ್ತದೆ. ರಟ್ಟು ಮಾಮೂಲಿ ಕಂದು ಬಣ್ಣದ್ದು ಇರಲಿ, ಹೊಳಪು ಮುದ್ರಣದ್ದು ಬೇಡ. ಟೇಪು, ಪಿನ್ನು ಎಲ್ಲ ಕಿತ್ತುಬಿಡಿ. ಟೇಪು ಕೊಳೆಯುವುದಿಲ್ಲ, ಆಮೇಲೆ ವರ್ಷಗಟ್ಟಲೆ ಕೈಗೆ ಸಿಗುತ್ತಲೇ ಇರುತ್ತದೆ. ಒಂದು ರಟ್ಟಿನ ಅಂಚು ಇನ್ನೊಂದರ ಮೇಲೆ 15 ಸೆಂಟಿಮೀಟರ್ ಆದರೂ ಬರುವ ಹಾಗೆ ಹಾಸಿ, ಮೆತ್ತಗಾಗುವಷ್ಟು ನೀರು ಹೊಯ್ಯಿರಿ.

ಗರಿಕೆ ಮಾತ್ರ ಹಟಮಾರಿ. ರಟ್ಟು ತೂತು ಮಾಡುವುದಕ್ಕಿಂತ ಅಂಚು ಹುಡುಕಿಕೊಂಡು ಬರುವುದೇ ಜಾಸ್ತಿ. ಅದಕ್ಕೇ ರಟ್ಟು ಹಲಗೆಯಿಂದ ಆಚೆಗೂ ಒಂದು ಗೇಣು ಚಾಚಿರಲಿ, ಎರಡು ಪದರ ಹಾಕಿ. ಆದರೂ ತಲೆ ಎತ್ತಿದರೆ ಬಿಳಿಚಿಕೊಂಡ ಎಳೆ ಕಾಣುತ್ತದೆ, ಕಂಡ ಕೂಡಲೇ ಕಿತ್ತುಹಾಕಿ. ಬಿಟ್ಟರೆ ಬೇರಿಗೆ ಮತ್ತೆ ಶಕ್ತಿ ಬರುತ್ತದೆ.

ನಿಮ್ಮ ಅಳತೆಗೆ ಸುಮಾರು 860 ಲೀಟರ್ ತುಂಬಬೇಕು. ಅಷ್ಟೂ ಕಾಂಪೋಸ್ಟ್ ಬೇಕಿಲ್ಲ. ತಳದ ಮೂರನೇ ಒಂದು ಭಾಗ ಅರೆ ಕೊಳೆತ ತರಗೆಲೆ, ಕೊಳೆತ ಕಡ್ಡಿ ನಡೆಯುತ್ತದೆ. ಮೇಲೆ ಮಣ್ಣು, ಕಾಂಪೋಸ್ಟ್ ಬೆರೆಸಿ. ಹಸಿ ಮರದ ಹೊಟ್ಟನ್ನು ಮಾತ್ರ ಮಣ್ಣಿಗೆ ಕಲಸಬೇಡಿ. ಅದು ಕೊಳೆಯುವಾಗ ಸಾರಜನಕವನ್ನೆಲ್ಲ ಎಳೆದುಕೊಂಡು ಗಿಡ ಹಳದಿ ಆಗುತ್ತದೆ. ಅಂಚಿನವರೆಗೆ ಗೋಪುರದ ಹಾಗೆ ತುಂಬಿ, ಹೇಗೂ ಕುಸಿಯುತ್ತದೆ.

ತೊಟ್ಟಿಲುಸಸಿ:
ಹೊರಗಿಂದ ತಂದ ಸಗಣಿ ಗೊಬ್ಬರ ಆದರೆ ಮೊದಲು ಪರೀಕ್ಷೆ ಮಾಡಿ ಮಾರಾಯ್ರೆ. ಹುಲ್ಲುಗಾವಲಿಗೆ ಹೊಡೆಯುವ ಅಮಿನೋಪೈರಾಲಿಡ್ ಥರದ ಕಳೆನಾಶಕ ದನದ ಹೊಟ್ಟೆ ದಾಟಿಯೂ ಸಗಣಿಯಲ್ಲಿ ಉಳಿಯುತ್ತದೆ. ಎರಡು ಕುಂಡ ಇಡಿ: ಒಂದರಲ್ಲಿ ಆ ಗೊಬ್ಬರ ಬೆರೆಸಿದ ಮಣ್ಣು, ಇನ್ನೊಂದರಲ್ಲಿ ನಂಬಿಕೆಯ ಮಣ್ಣು. ಎರಡಕ್ಕೂ ಬೀನ್ಸ್ ಬೀಜ ಹಾಕಿ. ಮೊದಲನೆಯದರ ಎಲೆ ಮಾತ್ರ ಬಟ್ಟಲಿನ ಹಾಗೆ ಮುದುಡಿ, ತುದಿ ತಿರುಚಿಕೊಂಡರೆ ಆ ಗೊಬ್ಬರ ಮಡಿಗೆ ಹಾಕಬೇಡಿ.

ಹಿತ್ತಲಬಳ್ಳಿ:
ಇದು ಗೊತ್ತೇ ಇರಲಿಲ್ಲ, ಥ್ಯಾಂಕ್ಸ್. ತುಂಬಿದ ದಿನವೇ ನೆಡಬಹುದಾ? ರಟ್ಟು ಬೇರಿಗೆ ಅಡ್ಡ ಬರಲ್ವಾ?

ಮಣ್ಣುಕೈ:
ಸೊಪ್ಪು, ಟೊಮೆಟೊ ಸಸಿ ಅವತ್ತೇ ನೆಡಿ. 30 ಸೆಂಟಿಮೀಟರ್ ಅವಕ್ಕೆ ಸಾಕು, ಬೇರು ಕೆಳಗೆ ಮುಟ್ಟುವ ಹೊತ್ತಿಗೆ ರಟ್ಟು ಮೆತ್ತಗಾಗಿರುತ್ತದೆ. ಕ್ಯಾರೆಟ್ ಮಾತ್ರ ಈ ಸಲ ಬೇಡ. ತಳದ ಕಡ್ಡಿ ತಾಗಿ ಕವಲೊಡೆಯುತ್ತದೆ. ಮುಂದೆ ವರ್ಷಕ್ಕೊಮ್ಮೆ ಮೇಲೆ ಒಂದೆರಡು ಇಂಚು ಕಾಂಪೋಸ್ಟ್ ಹರಡಿ ಬಿಡಿ. ಕಲಸಬೇಡಿ, ಕೆದಕಿದರೆ ಕೆಳಗೆ ಮಲಗಿರುವ ಕಳೆ ಬೀಜ ಬೆಳಕು ಕಂಡು ಏಳುತ್ತವೆ. ಅಂದಹಾಗೆ, ಆ ಹಲಗೆ ಎಂಥದ್ದು? ಹಳೇ ರೈಲ್ವೆ ಸ್ಲೀಪರ್ (ಹಳಿ ಕೆಳಗಿನ ಮರದ ದಿಮ್ಮಿ) ಆಗಿದ್ದರೆ ತರಕಾರಿಗೆ ಬೇಡ, ಅದಕ್ಕೆ ಹೆಚ್ಚಾಗಿ ಕ್ರಿಯೋಸೋಟ್ ಅನ್ನುವ, ಮರ ಕೊಳೆಯದಂತೆ ತಡೆಯುವ ವಿಷಕಾರಿ ಎಣ್ಣೆ ಕುಡಿಸಿರುತ್ತಾರೆ.