ಚರ್ಚ್ ಶಿಬಿರದ ಮಕ್ಕಳಿಗೆ ಭೂಮಿ-ಆಕಾಶದ ಪಾಠ: ನೀವೇನು ಮಾಡಿಸಿದ್ದೀರಿ?

ಮಂಗಳೂರಿನ ನಮ್ಮ ಚರ್ಚಿನಲ್ಲಿ ಏಪ್ರಿಲ್ ಕೊನೆಗೆ ಬೇಸಿಗೆ ಶಿಬಿರ. ಆರರಿಂದ ಒಂಬತ್ತನೇ ತರಗತಿಯ ಮಕ್ಕಳು. ಹಾಡು, ನಾಟಕ ಇದ್ದದ್ದೇ. ಈ ಸಲ ಭೂಮಿ, ಆಕಾಶದ ಬಗ್ಗೆ ಕೈಯಾರೆ ಮಾಡುವಂಥದ್ದು ಬೇಕು. ಟೆಲಿಸ್ಕೋಪ್ ಇಲ್ಲ, ದುಡ್ಡೂ ಅಷ್ಟಕ್ಕಷ್ಟೆ. ಮಾಡಿಸಿ ಗೊತ್ತಿದ್ದವರು ಹೇಳಿ.

ಹೈಸ್ಕೂಲ್ ವಿಜ್ಞಾನ ಶಿಕ್ಷಕಿ, ಉಡುಪಿ:
ನೆಟ್‌ನಲ್ಲಿ ಸಿಗುವ ಅಮೆರಿಕದ ಪಾಠಗಳನ್ನು ಬಿಡಿ, ಅದರಲ್ಲಿ ಅರ್ಧ ಹಿಮದ ಮಾತೇ. ಮನೆಯಲ್ಲಿ ಬಿದ್ದಿರುವ ಹಳೇ ಗೋಡೆ ಕ್ಯಾಲೆಂಡರ್ ತರಲು ಹೇಳಿ, ಹುಣ್ಣಿಮೆ-ಅಮಾವಾಸ್ಯೆ ಗುರುತು ಇರುವಂಥದ್ದು. ಪ್ರತಿ ವರ್ಷದ ಈಸ್ಟರ್‌ಗೆ ಸುತ್ತು ಹಾಕಿ ಹಿಂದಕ್ಕೆ ಎಣಿಸಲಿ. ಹುಣ್ಣಿಮೆ ಕಳೆದ ವಾರದೊಳಗೇ ಹಬ್ಬ ಬಿದ್ದಿರುವುದು ಅವರಿಗೇ ಕಾಣುತ್ತದೆ. ಆಮೇಲೆ ಈಸ್ಟರ್ ಮುಂಚಿನ ಉಪವಾಸ ಕಾಲ ಶುರುವಾಗುವ ಬೂದಿ ಬುಧವಾರ ಹುಡುಕಿಸಿ: ಅದು ಹೆಚ್ಚುಕಡಿಮೆ ಅಮಾವಾಸ್ಯೆಯಿಂದ ಷಷ್ಠಿಯೊಳಗೆ ಸಿಗುತ್ತದೆ. ಯಾಕೆ ಎಂದು ನೀವು ಹೇಳಬೇಡಿ, ಈಸ್ಟರ್‌ನಿಂದ 46 ದಿನ ಹಿಂದಕ್ಕೆ ಲೆಕ್ಕ ಹಾಕಲಿ. 2019ರ ಕ್ಯಾಲೆಂಡರ್ ಸಿಕ್ಕಿದರೆ ಜಗಳ ಗ್ಯಾರಂಟಿ! ಮಾರ್ಚ್ 21ರಂದು ಅಥವಾ ಆಮೇಲೆ ಬರುವ ಮೊದಲ ಹುಣ್ಣಿಮೆ ಕಳೆದ ಭಾನುವಾರ ಈಸ್ಟರ್ ಎಂಬುದು ನಿಯಮ; ಆ ವರ್ಷ ಮಾರ್ಚ್ 21ಕ್ಕೇ ಹುಣ್ಣಿಮೆ, ಈಸ್ಟರ್ ಮಾತ್ರ ಏಪ್ರಿಲ್ 21ಕ್ಕೆ. ಚರ್ಚ್ ನೋಡುವುದು ಆಕಾಶದ ಚಂದ್ರನನ್ನಲ್ಲ, ಮೊದಲೇ ಲೆಕ್ಕ ಹಾಕಿಟ್ಟ ಕೋಷ್ಟಕದ ಚಂದ್ರನನ್ನು.

ಮುಂದಿನದು ಕತ್ತಲೆ ಕೋಣೆ, ಒಂದೇ ಬಲ್ಬು, ಕಡ್ಡಿಗೆ ಚುಚ್ಚಿದ ಪ್ಲಾಸ್ಟಿಕ್ ಚೆಂಡು. ಮಗುವಿನ ತಲೆಯೇ ಭೂಮಿ. ಚೆಂಡು ಹಿಡಿದು ನಿಂತಲ್ಲೇ ತಿರುಗಿದರೆ ಬಿದಿಗೆಯಿಂದ ಹುಣ್ಣಿಮೆವರೆಗೆ ಎಲ್ಲವೂ ಬರುತ್ತದೆ. ನಮ್ಮ ತರಗತಿಯಲ್ಲಿ ಒಬ್ಬಳು ಕೇಳಿದಳು: “ಶುಭ ಶುಕ್ರವಾರ ಮಧ್ಯಾಹ್ನ ಕತ್ತಲಾಯಿತಂತಲ್ಲ, ಗ್ರಹಣವಾ ಟೀಚರ್?” ಚೆಂಡನ್ನೇ ಅವಳ ಕೈಗೆ ಕೊಟ್ಟೆ. ಯೇಸು ಶಿಲುಬೆಗೇರಿದ್ದು ಯಹೂದಿಗಳ ಪಾಸ್ಖ ಹಬ್ಬದ ಹೊತ್ತಿಗೆ, ಪಾಸ್ಖ ಬರುವುದು ಹುಣ್ಣಿಮೆಗೆ, ಆಗ ಚೆಂಡು ಬಲ್ಬಿನ ಎದುರು ದಿಕ್ಕಿನಲ್ಲಿ, ಇನ್ನು ಬಲ್ಬಿಗೆ ಅಡ್ಡ ಬರುವುದು ಹೇಗೆ? “ಆಗುವುದಿಲ್ಲ” ಎಂದು ಅವಳೇ ತೀರ್ಪು ಕೊಟ್ಟಳು.

ಹವ್ಯಾಸಿ ಆಕಾಶ ವೀಕ್ಷಕ, ಕಾರ್ಕಳ:
ನಿಮ್ಮ ಶಿಬಿರದ ದಿನಾಂಕ ಅದೃಷ್ಟದ್ದು. ಏಪ್ರಿಲ್ 24ರ ಆಸುಪಾಸು ಮಂಗಳೂರಿನಲ್ಲಿ ಸೂರ್ಯ ನೆತ್ತಿಯ ಮೇಲೇ ಬರುವ ಶೂನ್ಯ ನೆರಳಿನ ದಿನ. ಪಿವಿಸಿ ಪೈಪಿನ ತುಂಡನ್ನು ನೆಟ್ಟಗೆ ನಿಲ್ಲಿಸಿ, ಹನ್ನೆರಡರಿಂದ ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಸೀಮೆಸುಣ್ಣದ ಗುರುತು ಹಾಕಿಸಿ. ಹನ್ನೆರಡೂವರೆ ಹೊತ್ತಿಗೆ ನೆರಳು ಪೈಪಿನ ಬುಡಕ್ಕೇ ಸೇರಿ ಮಾಯ.

ರಾತ್ರಿ ತಂಗುವುದಿದ್ದರೆ ಹನ್ನೊಂದರ ಸುಮಾರಿಗೆ ದಕ್ಷಿಣಕ್ಕೆ ತಿರುಗಿ. ಚಾಚಿದ ಕೈಯ ಎರಡು ಮುಷ್ಟಿಗಿಂತ ಕಡಿಮೆ ಎತ್ತರದಲ್ಲಿ ಶಿಲುಬೆಯಾಕಾರದ ನಾಲ್ಕು ನಕ್ಷತ್ರ, ನಮ್ಮ ತ್ರಿಶಂಕು. ತೆಂಗಿನ ತೋಟದಿಂದ ಕಾಣದು, ಬಯಲು ಬೇಕು. ಅದರ ಎಡಕ್ಕೆ, ಕೆಳಗೆ ಆಲ್ಫಾ ಸೆಂಟಾರಿ. ಅದು ಒಂದಲ್ಲ, ಎರಡು ನಕ್ಷತ್ರ ಎಂದು 1689ರಲ್ಲಿ ಕಂಡವರು ಪುದುಚೇರಿಯಲ್ಲಿದ್ದ ಜೆಸ್ವಿಟ್ ಪಾದ್ರಿ ಜಾನ್ ರಿಶೋ. ಯುರೋಪಿನಲ್ಲಿ ಕೂತಿದ್ದರೆ ಆ ನಕ್ಷತ್ರವೇ ಕಾಣುತ್ತಿರಲಿಲ್ಲ.

ಒಬ್ಬ ತಂದೆ:
ಆರು ದಿನದ ಸೃಷ್ಟಿ, ಕೋಟಿ ವರ್ಷದ ಬಂಡೆ. ಮಕ್ಕಳು ಕೇಳಿಯೇ ಕೇಳುತ್ತಾರೆ. ಏನು ಹೇಳುತ್ತೀರಿ?

ಶಿಕ್ಷಕಿ:
ಲೆಮೆತ್ರ್ ಕಥೆ ಹೇಳುತ್ತೇನೆ. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲೇ ಬರೆದ ಬೆಲ್ಜಿಯಂನ ಪಾದ್ರಿ. 1951ರಲ್ಲಿ ಪೋಪ್ 12ನೇ ಪಿಯುಸ್ ಮಹಾಸ್ಫೋಟವನ್ನು ಸೃಷ್ಟಿಗೆ ಸಾಕ್ಷಿಯೆಂಬಂತೆ ಮಾತಾಡಿದ್ದು ಲೆಮೆತ್ರ್‌ಗೇ ಹಿಡಿಸಲಿಲ್ಲ. ವಿಜ್ಞಾನ, ನಂಬಿಕೆ ಎರಡನ್ನೂ ಬೆರೆಸಬೇಡಿ ಎಂಬ ಪಕ್ಷ ಅವರದು, ನನ್ನದೂ ಅದೇ. ಪ್ರತಿ ಪ್ರಯೋಗದ ಬಾಲಕ್ಕೆ ಒಂದು ಬೈಬಲ್ ವಾಕ್ಯ ಅಂಟಿಸಿದರೆ ಮಕ್ಕಳು ಪ್ರಯೋಗವನ್ನೂ ಕೇಳುವುದಿಲ್ಲ, ವಾಕ್ಯವನ್ನೂ ಕೇಳುವುದಿಲ್ಲ.

ನಿವೃತ್ತ ಭೂವಿಜ್ಞಾನ ಉಪನ್ಯಾಸಕ:
ಮಲ್ಪೆಗೆ ಕರೆದೊಯ್ದು ದೋಣಿ ಹತ್ತಿಸಿ. ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ಸುಮಾರು 8.8 ಕೋಟಿ ವರ್ಷ ಹಳೆಯ ಲಾವಾ, ಮಡಗಾಸ್ಕರ್ ನಮ್ಮಿಂದ ಬೇರಾದ ಕಾಲದ್ದು. ಹೋಗುವ ಮೊದಲೇ ಕಾರ್ನ್‌ಫ್ಲೋರ್ ಮತ್ತು ನೀರು ಸಮತೂಕ ಕಲಸಿ, ಗಾಜಿನ ಲೋಟಕ್ಕೆ ಹೊಯ್ದು ಬಲ್ಬಿನ ಕೆಳಗಿಡಿ. ಕೆಲವು ದಿನ ಬೇಕು, ಶಿಬಿರದ ಮುಂಚೆಯೇ ಇಟ್ಟುಬಿಡಿ. ಮೇಲೆ ಅಗಲ ಬಿರುಕು ಕಂಡು ಇಷ್ಟೇನಾ ಅನಿಸುತ್ತದೆ. ಗಟ್ಟಿಯನ್ನು ಹೊರತೆಗೆದು ಮುರಿದರೆ ಒಳಗೆ ಪೆನ್ಸಿಲ್ ಸೀಸದಂಥ ಸಣ್ಣ ಕಂಬಗಳು, ಐದಾರು ಮುಖದವು. ಹಿಟ್ಟು ಒಣಗಿ ಕುಗ್ಗಿತು, ಲಾವಾ ತಣಿದು ಕುಗ್ಗಿತು. ದ್ವೀಪದಲ್ಲಿ ಕಂಬಗಳ ಮುಖ ಎಣಿಸಿ ಪಟ್ಟಿ ಮಾಡಿಸಿ, ಕಲ್ಲು ಒಡೆಯಲು ಬಿಡಬೇಡಿ, ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಮಳೆ ಹಿಡಿದರೆ ದೋಣಿ ನಿಲ್ಲುತ್ತದೆ, ಮೇ ಮಧ್ಯದೊಳಗೆ ಮುಗಿಸಿಕೊಳ್ಳಿ. ನೆರಳು ಕಡಿಮೆ, ಟೊಪ್ಪಿ ಮತ್ತು ನೀರು ಮರೆಯಬೇಡಿ.