ಶುಭಾ, ಅವನಿಗೆ ಸೋಮಾರಿ ಅನ್ನಬೇಡ

ಶುಭಾ, ನಿನ್ನ ಮೆಸೇಜು ಈಗ ನೋಡಿದೆ. ನಾನು ಟೈಪ್ ಮಾಡುತ್ತಾ ಕೂತರೆ ಸಂಜೆಯಾಗುತ್ತದೆ, ಅದಕ್ಕೆ ಮಾತಾಡಿಯೇ ನಮ್ಮ ನೆಂಟರ ಗ್ರೂಪಿಗೆ ಹಾಕುತ್ತಿದ್ದೇನೆ. ಉದ್ದ ಆಯಿತು ಅಂತ ಯಾರೂ ಗೊಣಗಬೇಡಿ. ನಿನ್ನ ಮಗ ಅನೂಪನಿಗೆ ಈ 2021ರ ಮೇ ತಿಂಗಳಲ್ಲಿ ಕೊರೋನಾ ಬಂದು ಹೋಯಿತು, ಈಗ ಜುಲೈ ಆದರೂ ಹಗಲೆಲ್ಲಾ ಮಲಗಿರುತ್ತಾನೆ, ಆನ್‌ಲೈನ್ ಕ್ಲಾಸಿಗೆ ಕ್ಯಾಮೆರಾ ಆಫ್ ಮಾಡಿ ಹೊದ್ದುಕೊಳ್ಳುತ್ತಾನೆ, ಮಾತಾಡಿಸಿದರೆ ಸಿಡುಕುತ್ತಾನೆ, ಇದು ಸೋಮಾರಿತನವೋ ಕಾಯಿಲೆಯೋ ಅಂತ ಕೇಳಿದ್ದೀಯ. ಅವನಿಗೆ ಸೋಮಾರಿ ಅನ್ನಬೇಡ. ಮೊದಲು ಅದೊಂದು ಕೇಳಿಸಿಕೋ.

ನಮ್ಮ ಚಿಕ್ಕ ಮಗನ ವಿಷಯ ನಿಮಗೆಲ್ಲಾ ಅರ್ಧ ಗೊತ್ತು. ಹೋದ ವರ್ಷ, 2020ರ ಸೆಪ್ಟೆಂಬರ್‌ನಲ್ಲಿ, ಬೆಂಗಳೂರಿನ ಪಿಜಿಯಲ್ಲಿದ್ದಾಗ ಪಾಸಿಟಿವ್ ಬಂತು. ಅಲ್ಲಿಯವರು ಊಟ ಬಾಗಿಲ ಹೊರಗೆ ಇಟ್ಟು ಓಡುತ್ತಿದ್ದರು. ಜ್ವರ ಬಿಟ್ಟಿತು, ನೆಗೆಟಿವ್ ಆಯಿತು, ಮನೆಗೆ ಬಂದ. ಬಂದವನು ಅಟ್ಟ ಹತ್ತಿದರೆ ಏದುಸಿರು ಬಿಡುತ್ತಿದ್ದ. ರಾತ್ರಿ ನಿದ್ದೆಯಿಲ್ಲ, ಹಗಲು ಎಚ್ಚರವಿಲ್ಲ. ಪುಸ್ತಕ ಹಿಡಿದರೆ ಅದೇ ಪುಟ. ಅನ್ನ ಕಲಸಿ ಕಲಸಿ ಹಾಗೇ ಬಿಟ್ಟು ಏಳುತ್ತಿದ್ದ. ದೀಪಾವಳಿ ಕಳೆದು ಅಡಿಕೆ ಗೊನೆ ಇಳಿಸುವ ಕೊನೆಕೊಯ್ಲು ಶುರುವಾಗಿತ್ತು ನೋಡು, ಅವನ ಚಿಕ್ಕಪ್ಪ ಬಂದವರು (ಗ್ರೂಪಿನಲ್ಲೇ ಇದ್ದಾರೆ, ಕೇಳಿಸಿಕೊಳ್ಳಲಿ) ಎಂ.ಎಸ್ಸಿ. ಓದುವ ಹುಡುಗ ಹೀಗೆ ಬಿದ್ದುಕೊಂಡರೆ ಹೇಗೆ, ಮೈ ಬಗ್ಗಿಸಿದರೆ ಎಲ್ಲಾ ಸರಿಯಾಗುತ್ತದೆ ಅಂತ ತೋಟಕ್ಕೆ ಎಳೆದುಕೊಂಡು ಹೋಗಿ ಅಡಿಕೆ ಕೊನೆ ಹೊರಿಸಿದರು. ಕೆಳಗಿನ ತೋಟದಿಂದ ಅಂಗಳಕ್ಕೆ ಬರುವ ಕಡಿದಾದ ಏರು, ಆ ದರೆ ಗೊತ್ತಲ್ಲ. ಅರ್ಧ ಹತ್ತಿ ಕುಸಿದು ಕೂತ. ಮುಖ ಬಿಳಿಚಿಕೊಂಡಿತ್ತು, ಎದೆ ಹೊಡೆದುಕೊಳ್ಳುವುದು ಅಂಗಿಯ ಮೇಲಿಂದಲೇ ಕಾಣುತ್ತಿತ್ತು.

ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆವು. ಇಸಿಜಿ ಮಾಡಿಸಿದರು. ದೇವರ ದಯೆ, ದೊಡ್ಡದೇನಿರಲಿಲ್ಲ. ಆದರೆ ಡಾಕ್ಟರು ಸರಿಯಾಗಿ ಬೈದರು. ಈ ಕಾಯಿಲೆ ಬಂದು ಹೋದ ಮೇಲೆ ಸುಸ್ತು ಕೆಲವರಿಗೆ ತಿಂಗಳುಗಟ್ಟಲೆ ಇರುತ್ತದೆ, ಭಾರ ಎತ್ತುವುದು, ಓಡುವುದು, ಜಿಮ್ಮು ಇವೆಲ್ಲಾ ನಿಧಾನಕ್ಕೆ ಶುರು ಮಾಡಬೇಕು ಅಂದರು. ಆಮೇಲೆ ನಮ್ಮನ್ನೆಲ್ಲಾ ಹೊರಗೆ ಕಳಿಸಿ ಅವನೊಬ್ಬನ ಜೊತೆ ಮಾತಾಡಿದರು. ಅವನು ಅತ್ತಿದ್ದು ಬಾಗಿಲಾಚೆ ಕೇಳಿಸುತ್ತಿತ್ತು. ಮೈಗೆ ಶಕ್ತಿ ಇಲ್ಲ, ಪಾಠ ತಲೆಗೆ ಹೋಗುತ್ತಿಲ್ಲ, ಮುಂದೆ ಕೆಲಸ ಸಿಗುತ್ತದೋ ಇಲ್ಲವೋ, ಅದರ ಮೇಲೆ ಮನೆಯವರೆಲ್ಲಾ ಸೋಮಾರಿ ಅನ್ನುತ್ತಾರೆ, ನಾನು ಯಾರಿಗೂ ಬೇಡ ಅಂದನಂತೆ. ಸುಸ್ತಿನಿಂದ ಮಲಗಿದ್ದ ಹುಡುಗ ಬೈಗುಳ ಕೇಳಿ ಕೇಳಿ ಮನಸ್ಸನ್ನೂ ಕೆಡಿಸಿಕೊಂಡಿದ್ದ. ಮೈ ಬೇರೆ ಮನಸ್ಸು ಬೇರೆ ಅಂತ ಇರಲೇ ಇಲ್ಲ ಅಲ್ಲಿ. ಅದಕ್ಕೇ ಇನ್ನೊಮ್ಮೆ ಹೇಳುತ್ತೇನೆ, ಸೋಮಾರಿ ಅನ್ನುವ ಮಾತು ಆ ಮನೆಯಲ್ಲಿ ಯಾರೂ ಆಡಕೂಡದು, ನಿನ್ನ ಅತ್ತೆಗೂ ಹೇಳು.

ಆಗ ಯಾರು ಬಂದರು ಹೇಳಿ ನಮ್ಮ ಮನೆಗೆ? ಕಷಾಯದ ಫಾರ್ವರ್ಡು ಮಾತ್ರ ದಿನಾ ಬರುತ್ತಿತ್ತು. ಮೊನ್ನೆ ಸುಳ್ಯದ ಕಡೆ ಮಳೆಯಲ್ಲಿ ಅಪ್ಪ ಕೊಡೆ ಹಿಡಿದು ನಿಂತು, ಮಗಳು ರಸ್ತೆ ಬದಿ ಕೂತು ಕ್ಲಾಸು ಕೇಳುವ ಫೋಟೊ ಬಂದಾಗ ಎಲ್ಲರೂ ಅಳುವ ಬೊಂಬೆ ಹಾಕಿದಿರಿ. ನಮ್ಮವನೂ ಸಿಗ್ನಲ್ಲಿಗೆ ಗುಡ್ಡ ಹತ್ತಿದವನೇ, ಆ ಸುಸ್ತಿನಲ್ಲಿ! ಸಾಗರ ಪೇಟೆಯ ನೆಂಟರ ಮನೆಯಲ್ಲಿ ಮಹಡಿ ಕೋಣೆ ಖಾಲಿ ಇತ್ತು, ವೈಫೈ ಇತ್ತು. ಒಂದು ತಿಂಗಳು ಇಲ್ಲಿದ್ದು ಓದಿಕೊಳ್ಳಲಿ ಅಂತ ಒಬ್ಬರ ಬಾಯಲ್ಲೂ ಬರಲಿಲ್ಲ. ಆ ಮನೆ ಕಟ್ಟುವಾಗ ಮರ ಯಾರ ಬೆಟ್ಟದಿಂದ ಹೋಯಿತು ಅಂತ ನಾನು ಈಗ ಎತ್ತುವುದಿಲ್ಲ. ಎತ್ತಿದರೆ ನಾನೇ ಕೆಟ್ಟವಳು.

ಅಯ್ಯೋ, ಹೇಳಬೇಕಾದ್ದೇ ಬಿಟ್ಟೆ ನೋಡು. ಆಕ್ಸಿಮೀಟರ್ ಇದೆಯಲ್ಲ ನಿಮ್ಮಲ್ಲಿ? ಮೊದಲು ಕೂತಾಗ ನೋಡು. ಆರಾಮವಿದ್ದರೆ ಮನೆಯೊಳಗೇ 6 ನಿಮಿಷ ನಡೆಸಿ ಮತ್ತೆ ನೋಡು. ಆಕ್ಸಿಜನ್ 94ಕ್ಕಿಂತ ಇಳಿದರೆ, ಎದೆ ನೋವು ಅಂದರೆ, ಆಸ್ಪತ್ರೆಗೆ ಕರೆದುಕೊಂಡು ಹೋಗಲು ತಡ ಮಾಡಬೇಡ. ಸರಿಯಿದ್ದರೂ ಒಮ್ಮೆ ಡಾಕ್ಟರಿಗೆ ತೋರಿಸಿ ರಕ್ತ, ಥೈರಾಯ್ಡ್ ಪರೀಕ್ಷೆ ಮಾಡಿಸು. ಅವನನ್ನು ಒಬ್ಬನೇ ಒಳಗೆ ಕಳಿಸು, ನೀನು ಪಕ್ಕ ಕೂತರೆ ಬಾಯಿ ಬಿಡುವುದಿಲ್ಲ. ನಿಮ್ಹಾನ್ಸ್‌ನವರ ಮನಸ್ಸಿನ ಕಷ್ಟ ಹೇಳಿಕೊಳ್ಳುವುದಕ್ಕೆ ಈ ಕೊರೋನಾ ಕಾಲದ ಸಹಾಯವಾಣಿ ಇದೆ, 080-46110007, ದುಡ್ಡು ಕೊಡಬೇಕಾಗಿಲ್ಲ, ನಂಬರು ಅವನ ಕೈಗೇ ಕೊಡು. ಸಾಯುವ ಮಾತೇನಾದರೂ ಆಡಿದರೆ ಮಾತ್ರ ಒಬ್ಬನನ್ನೇ ಬಿಡಬೇಡ, ಅವತ್ತೇ ಜಿಲ್ಲಾಸ್ಪತ್ರೆಗೆ ಕರೆದುಕೊಂಡು ಹೋಗು, ಅಲ್ಲಿ ಮನೋವೈದ್ಯರು ಇರುತ್ತಾರೆ.

ಇನ್ನೊಂದು. 26ನೇ ತಾರೀಖಿಗೆ ಕಾಲೇಜು ತೆರೆಯುತ್ತಾರೆ, ಒಂದು ಡೋಸ್ ಆಗಿರಬೇಕು ಅಂದಿದ್ದಾರೆ. ಆದರೆ ಕೊರೋನಾ ಬಂದು ಹೋದವರು ಲಸಿಕೆಗೆ 3 ತಿಂಗಳು ಕಾಯಬೇಕು ಅಂತ ಈ 2021ರ ನಿಯಮ. ಅನೂಪನಿಗೆ ಆಗಸ್ಟ್ ಆಗುತ್ತದೆ. ಅವನು ಒಳಗೊಳಗೇ ಅದನ್ನೂ ಯೋಚಿಸುತ್ತಿರಬಹುದು. ಪಾಸಿಟಿವ್ ರಿಪೋರ್ಟ್ ಇಟ್ಟುಕೊಂಡು ನೀನೇ ಕಾಲೇಜಿಗೆ ಫೋನ್ ಮಾಡಿ ಕೇಳು, ಹಾಜರಿಗೆ ಏನು ಮಾಡುತ್ತಾರೆ ಅಂತ. ನಾಳೆ ರಾತ್ರಿ ಅವನಿಗೆ ನಮ್ಮ ಚಿಕ್ಕವನಿಂದ ಫೋನ್ ಮಾಡಿಸುತ್ತೇನೆ, ಆಗ ನೀನು ಆ ಕೋಣೆ ಹತ್ತಿರ ಸುಳಿಯಬೇಡ. ಇದರ ಕೆಳಗೆ ಯಾರೂ ಕಷಾಯದ ವಿಡಿಯೊ ಹಾಕಬೇಡಿ, ನಂಬರು ಮೇಲೆ ಹೋಗಿಬಿಡುತ್ತದೆ.