ಆರು ವಾರ ಮಲಗಿಯೇ ಇರಬೇಕು, ಹೊತ್ತು ಹೇಗೆ ಕಳೆಯೋದು?

ಹಾಸಿಗೆ ಕೈದಿ:
ಕಾಲಿನ ಮೂಳೆಗೆ ಸೋಂಕಾಗಿ ಆಪರೇಷನ್ ಆಯಿತು. ಇನ್ನು ಆರು ವಾರ ಡ್ರಿಪ್‌ನಲ್ಲಿ ಆಂಟಿಬಯಾಟಿಕ್, ಕಾಲು ನೆಲಕ್ಕೆ ಊರುವ ಹಾಗಿಲ್ಲ. ಇವತ್ತಿಗೆ ಒಂಬತ್ತು ದಿನ. ಮೊದಲ ಮೂರು ದಿನ ಖುಷಿಯಲ್ಲೇ ಇದ್ದೆ, ವರ್ಷಗಟ್ಟಲೆ ಬಾಕಿ ಉಳಿದ ಸೀರೀಸ್‌ಗಳನ್ನೆಲ್ಲ ನೋಡಿ ಮುಗಿಸಬಹುದು ಅಂತ. ಈಗ ಒಂದು ಕಂತು ಮುಗಿಯುವಷ್ಟರಲ್ಲಿ ತಲೆ ಭಾರ, ಯಾರು ಯಾರ ತಮ್ಮ ಅನ್ನುವುದೇ ಮರೆತುಹೋಗುತ್ತದೆ. ಒಂದು ಕೈಯಲ್ಲಿ ಸೂಜಿ ಇದೆ, ಇನ್ನೊಂದೇ ಕೈಯಲ್ಲಿ ಪುಸ್ತಕ ಹಿಡಿದರೆ ಐದು ನಿಮಿಷಕ್ಕೆ ನೋವು. ಮೊಬೈಲನ್ನು ಎರಡು ಸಲ ಮೂಗಿನ ಮೇಲೆ ಬೀಳಿಸಿಕೊಂಡೆ. ನೋಡಲು ಬಂದವರೆಲ್ಲ "ಬಿಡು, ಒಳ್ಳೇ ರೆಸ್ಟ್ ಸಿಕ್ತು" ಅಂತಾರೆ, ಮೈ ಉರಿಯುತ್ತದೆ. ಹೀಗೆ ಮಲಗಿದ್ದವರು ಯಾರಾದರೂ ಇದ್ದೀರಾ? ಏನು ಮಾಡುತ್ತಿದ್ದಿರಿ?

ಅರ್ಧಂಬರ್ಧ:
ಮೊದಲು ಮೂಗು ಉಳಿಸಿಕೊಳ್ಳಿ. ಮಂಚಕ್ಕೆ ಕಚ್ಚಿಸುವ, ಬೇಕಾದ ಹಾಗೆ ಬಾಗುವ ಮೊಬೈಲ್ ಸ್ಟ್ಯಾಂಡ್ ತರಿಸಿ. ಪುಸ್ತಕವೇ ಬೇಕು ಅಂದರೆ ಪ್ರಿಸಂ ಇರುವ ಕನ್ನಡಕ ಸಿಗುತ್ತದೆ. ಅದು ನೋಟವನ್ನು 90 ಡಿಗ್ರಿ ತಿರುಗಿಸುತ್ತದೆ, ಹಾಗಾಗಿ ಅಂಗಾತ ಮಲಗಿದ್ದರೂ ಹೊಟ್ಟೆಯ ಮೇಲಿಟ್ಟ ಪುಸ್ತಕ ಎದುರಿಗೇ ಇದ್ದ ಹಾಗೆ ಕಾಣುತ್ತದೆ. ಹಾಕಿಕೊಂಡರೆ ನೋಡುವವರು ನಗುತ್ತಾರೆ, ನಗಲಿ.

ತಲೆ ಓಡದೇ ಇರುವುದಕ್ಕೆ ಬೇಜಾರು ಬೇಡ. ಸೋಂಕು, ಔಷಧಿ, ಅರೆಬರೆ ನಿದ್ದೆ, ಇವೆಲ್ಲ ಸೇರಿದರೆ ಯಾರಿಗಾದರೂ ಹಾಗೇ. ಬೆನ್ನಿನ ಆಪರೇಷನ್ ಆದಾಗ ನಾನು ಹೊಸ ಕಥೆಗಳನ್ನು ಬಿಟ್ಟು, ಹಿಂದೆ ಓದಿದ್ದ ಪುಸ್ತಕಗಳನ್ನೇ ಆಡಿಯೋದಲ್ಲಿ ಕೇಳಿದೆ. ನಡುವೆ ನಿದ್ದೆ ಬಂದರೂ ಏನೂ ತಪ್ಪಿಹೋಗುವುದಿಲ್ಲ, ಕಥೆ ಗೊತ್ತೇ ಇರುತ್ತದಲ್ವಾ. ಲಿಬ್ರಿವಾಕ್ಸ್ ಅನ್ನುವ ವೆಬ್‌ಸೈಟಿನಲ್ಲಿ ಕಾಪಿರೈಟ್ ಮುಗಿದ ಪುಸ್ತಕಗಳನ್ನು ಸ್ವಯಂಸೇವಕರು ಓದಿ ಹಾಕಿದ್ದಾರೆ, ಎಲ್ಲ ಉಚಿತ. ಕೆಲವರ ಓದು ಮಾತ್ರ ನಿದ್ದೆ ಮಾತ್ರೆಯೇ. ಆಡಿಯೋ ತಾನಾಗಿಯೇ ನಿಲ್ಲುವ ಹಾಗೆ ಸ್ಲೀಪ್ ಟೈಮರ್ 15 ನಿಮಿಷಕ್ಕೆ ಇಡಿ.

ಕುದುರೆ ನಡೆ:
ಆಡಿಯೋ ಸರಿ, ಆದರೆ ಬರೀ ಕೇಳುತ್ತ ಬಿದ್ದಿದ್ದರೆ ನನಗಂತೂ ಇನ್ನೂ ಜಾಸ್ತಿ ಬೇಜಾರಾಗುತ್ತಿತ್ತು. ನಾಳೆಗೆ ಅಂತ ಏನಾದರೂ ಉಳಿಯಬೇಕು. ಲಿಚೆಸ್ ಅನ್ನುವ ವೆಬ್‌ಸೈಟಿನಲ್ಲಿ ಕರೆಸ್ಪಾಂಡೆನ್ಸ್ ಚೆಸ್, ಅಂದರೆ ದಿನಗಟ್ಟಲೆ ನಿಧಾನವಾಗಿ ಆಡುವ ಚೆಸ್ ಇದೆ, ಜಾಹೀರಾತಿಲ್ಲ, ದುಡ್ಡಿಲ್ಲ. ಒಂದು ನಡೆಗೆ 1ರಿಂದ 14 ದಿನದವರೆಗೆ ಸಮಯ ಇಟ್ಟುಕೊಳ್ಳಬಹುದು. ನಾಲ್ಕೈದು ಆಟ ಒಟ್ಟಿಗೆ ಶುರು ಮಾಡಿ. ಎಚ್ಚರವಾದಾಗ ಯಾರೋ ಒಬ್ಬರು ನಡೆ ಇಟ್ಟಿರುತ್ತಾರೆ, ಅದನ್ನು ನೋಡುವ ಕುತೂಹಲ ಇದೆಯಲ್ಲ, ಅದೇ ನನ್ನನ್ನು ಕಾಪಾಡಿದ್ದು.

ಚೆಸ್ ಬೇಡ ಅಂದರೆ ಝೂನಿವರ್ಸ್ ಅನ್ನುವ ವೆಬ್‌ಸೈಟ್ ನೋಡಿ. ಕಾಡಿನ ಕ್ಯಾಮೆರಾಗಳು ತೆಗೆದ ಫೋಟೋದಲ್ಲಿ ಯಾವ ಪ್ರಾಣಿ ಇದೆ ಅಂತ ಗುರುತಿಸುವಂಥ ಕೆಲಸಗಳು ಇರುತ್ತವೆ, ವಿಜ್ಞಾನಿಗಳು ಅದನ್ನು ಬಳಸಿಕೊಳ್ಳುತ್ತಾರೆ. ಒಂದು ಬೆರಳು ಸಾಕು. ಎರಡು ಫೋಟೋ ನೋಡಿ ಕಣ್ಣು ಮುಚ್ಚಿದರೂ ಯಾರೂ ಕೇಳುವುದಿಲ್ಲ.

ನೈಟ್ ಡ್ಯೂಟಿ:
ನಾನು ನರ್ಸ್. ಇಷ್ಟು ದಿನ ನೋಡಿದ್ದರಲ್ಲಿ ಹೇಳುವುದಾದರೆ, ಹೊತ್ತು ಹೋಗದೆ ಒದ್ದಾಡುವುದು ಮಧ್ಯಾಹ್ನ ಮೂರರಿಂದ ಐದು. ಒಳ್ಳೆಯದನ್ನು ಆ ಹೊತ್ತಿಗೆ ಎತ್ತಿಡಿ, ಬೆಳಿಗ್ಗೆಯೇ ಎಲ್ಲ ಮುಗಿಸಬೇಡಿ. ಸಾಧ್ಯವಾದರೆ ಮಂಚವನ್ನು ಕಿಟಕಿ ಕಡೆ ತಿರುಗಿಸಿಕೊಡಿ ಅಂತ ಕೇಳಿ. ಸುಮ್ನೆ ಹೇಳುತ್ತಿಲ್ಲ, ಪಿತ್ತಕೋಶದ ಆಪರೇಷನ್ ಆದವರ ಬಗ್ಗೆ ರೋಜರ್ ಉಲ್ರಿಚ್ ಅನ್ನುವ ಸಂಶೋಧಕರು 1984ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಕಿಟಕಿಯಿಂದ ಮರ ಕಾಣುತ್ತಿದ್ದವರು, ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಸ್ವಲ್ಪ ಬೇಗ ಮನೆಗೆ ಹೋದರು, ಬಲವಾದ ನೋವಿನ ಮದ್ದೂ ಕಡಿಮೆ ಬೇಕಾಯಿತು.

ಇನ್ನೊಂದು, "ರೆಸ್ಟ್ ಸಿಕ್ತು" ಅನ್ನುವವರ ಕೈಗೆ ಒಂದು ಪುಸ್ತಕ ಕೊಟ್ಟು ಹತ್ತು ಪುಟ ಜೋರಾಗಿ ಓದಿ ಅನ್ನಿ. ಅವರಿಗೂ ಏನು ಮಾತಾಡಬೇಕು ಅಂತ ಗೊತ್ತಾಗದೆ ಹಾಗೆ ಅಂದಿರುತ್ತಾರೆ. ಪಾದ, ಬೆರಳು ಎಷ್ಟು ಆಡಿಸಬಹುದು ಅಂತ ಡಾಕ್ಟರನ್ನು ಕೇಳಿಕೊಳ್ಳಿ. ಹಾಡು ಕೇಳುತ್ತ ಮಾಡಿದರೆ ಅದೂ ಒಂದು ಆಟವೇ.

ಹಾಸಿಗೆ ಕೈದಿ:
ಎಲ್ಲರಿಗೂ ಥ್ಯಾಂಕ್ಸ್. ಸ್ಟ್ಯಾಂಡ್ ಬಂತು, ಮೂಗು ಕ್ಷೇಮ. ನಿನ್ನೆ ಭಾವನ ಕೈಯಲ್ಲಿ ಓದಿಸಿದೆ, ಆರನೇ ಪುಟಕ್ಕೆ ಕುರ್ಚಿಯಲ್ಲೇ ಗೊರಕೆ. ಪ್ರಾಣಿ ಫೋಟೋ ಮೂವತ್ತು ನೋಡಿದೆ, ಅರ್ಧಕ್ಕರ್ಧ ಬರೀ ಹುಲ್ಲು, ಆದರೂ ಬಿಡಲು ಮನಸ್ಸಾಗಲಿಲ್ಲ. ಚೆಸ್ ಮೂರು ಆಟ ಶುರು ಮಾಡಿದ್ದೇನೆ. ಒಂದರಲ್ಲಿ ಆಗಲೇ ಮಂತ್ರಿ ಹೋಯಿತು, ಇನ್ನೊಬ್ಬರು ನಿನ್ನೆ ರಾತ್ರಿಯಿಂದ ನಡೆ ಇಟ್ಟಿಲ್ಲ, ಹತ್ತು ನಿಮಿಷಕ್ಕೊಮ್ಮೆ ನೋಡುತ್ತಿದ್ದೇನೆ.